ಕರೆಪೇಟೆಯ ದುಂಬಿ

ಕರೆಪೇಟೆ ಶುರುವಾದಾಗ ನಕ್ಕವರೇ ಹೆಚ್ಚು. ದೇಶವನ್ನೇ ಹಂಚಿಕೊಂಡಿದ್ದ ಎರಡು ದೈತ್ಯ ಕಂಪನಿಗಳ ನಡುವೆ ಹೇಗೋ ಜೀವ ಹಿಡಿದುಕೊಂಡಿದ್ದ ಹುಬ್ಬಳ್ಳಿಯ ಶಾಲ್ಮಲಾ ಟೆಲಿಕಾಂ ಒಂದು ದಿನ ತನ್ನ ಜಾಲದ ಬಾಗಿಲನ್ನೇ ತೆರೆದಿಟ್ಟು, ಯಾರು ಬೇಕಾದರೂ ಬನ್ನಿ, ಇದರ ಮೇಲೆ ಏನು ಬೇಕಾದರೂ ಕಟ್ಟಿ ಮಾರಿ ಎಂದು ಸಾರಿದರೆ ಜನ ನಗದೆ ಏನು ಮಾಡುತ್ತಾರೆ? ಮನೆ ನಡೆಸಲಾರದವರು ಛತ್ರ ತೆರೆದಿದ್ದಾರೆ ಎಂದು ಪತ್ರಿಕೆಯೊಂದು ಬರೆಯಿತು.

ಆದರೆ ಉಪಾಯದಲ್ಲಿ ಹುರುಳಿತ್ತು. ಅಲ್ಲಿಯವರೆಗೆ ಆಪ್ ಎಂದರೆ ಫೋನಿನೊಳಗೆ ಇಳಿಸಿಕೊಳ್ಳುವ ವಸ್ತು. ಕರೆಪೇಟೆಯ ಆಪ್‌ಗಳು ಫೋನಿನಲ್ಲಿ ಇರುತ್ತಲೇ ಇರಲಿಲ್ಲ. ಮಾತು ಒಂದು ಟವರಿನಿಂದ ಇನ್ನೊಂದಕ್ಕೆ ಹಾಯುವ ದಾರಿಯಲ್ಲೇ, ಜಾಲದೊಳಗೇ ಕೂತು ಅವು ಕೆಲಸ ಮಾಡುತ್ತಿದ್ದವು. ಹಾಗಾಗಿ ಗುಂಡಿ ಒತ್ತುವ ಹಳೆಯ ಫೋನಿಗೂ ಅವು ಒದಗುತ್ತಿದ್ದವು. ವಿಜಯಪುರದ ಕಾಲೇಜು ಹುಡುಗಿಯೊಬ್ಬಳು ಲಂಬಾಣಿ ಮಾತನ್ನು ಕರೆಯ ನಡುವೆಯೇ ಕನ್ನಡ ಮಾಡುವ ಆಪ್ ಬರೆದಳು. ಹಾವೇರಿಯ ಗಂಡಹೆಂಡಿರಿಬ್ಬರು ಕಿವಿ ಮಂದವಾದವರಿಗೆಂದು ಮಾತನ್ನು ನಿಧಾನಿಸಿ ಕೇಳಿಸುವುದನ್ನು ಮಾಡಿದರು. ಎರಡು ವರ್ಷ ತುಂಬುವುದರೊಳಗೆ ಕರೆಪೇಟೆಯಲ್ಲಿ ಸಾವಿರಾರು ಅಂಗಡಿಗಳು ತಲೆಯೆತ್ತಿದವು, ನಕ್ಕವರೆಲ್ಲ ಗಿರಾಕಿಗಳಾದರು.

ಬಾಗಿಲು ತೆರೆದಿತ್ತು ನಿಜ. ಆದರೆ ಹೊಸ್ತಿಲಲ್ಲಿ ನೀಲಾಂಬಿಕಾ ಹೊಂಬಳ ಕೂತಿದ್ದಳು. ಹೊರಗಿನವರು ಬರೆದ ಪ್ರತಿಯೊಂದು ಆಪನ್ನೂ ಪರೀಕ್ಷಿಸಿ, ಪೇಟೆಗೆ ಬಿಡಬಹುದು ಅಥವಾ ಬಿಡಬಾರದು ಎಂದು ತೀರ್ಮಾನಿಸುವ ವಿಭಾಗಕ್ಕೆ ಅವಳೇ ಮುಖ್ಯಸ್ಥೆ. ವಿದ್ಯಾನಗರದ ಕಚೇರಿಯ ಎರಡನೇ ಮಹಡಿಯಲ್ಲಿ, ಗೋಡೆ ತುಂಬ ಪರದೆಗಳಿದ್ದ ನಿಗಾ ಕೊಠಡಿಯ ಪಕ್ಕದಲ್ಲೇ ಅವಳ ಮೇಜು. ತಪ್ಪು ಹಿಡಿಯುವುದರಲ್ಲಿ ಅವಳ ಕಣ್ಣು ಚುರುಕು, ಹಿಡಿದದ್ದನ್ನು ಮುಖಕ್ಕೆ ಹೇಳುವುದರಲ್ಲಿ ನಾಲಿಗೆ ಇನ್ನೂ ಚುರುಕು ಎಂದು ಆಪ್ ಬರೆಯುವ ಹುಡುಗರು ಹೇಳುತ್ತಿದ್ದರು. ಅವಳು ಬಿಟ್ಟ ಆಪ್ ಎಂದರೆ ಕಣ್ಣು ಮುಚ್ಚಿ ಬಳಸಬಹುದು ಎಂಬ ಮಾತೂ ಇತ್ತು. ಅದು ಅವಳಿಗೂ ಗೊತ್ತಿತ್ತು, ಹೆಮ್ಮೆಯೂ ಇತ್ತು.

ಅವಳ ಮುಂದೆ ಒಂದು ದಿನ ಗದಗಿನ ಇಮ್ತಿಯಾಜ್ ನದಾಫ ಬಂದು ಕೂತ. ನಾಟಕ ಕಂಪನಿಗಳ ಮೈಕು, ಧ್ವನಿವರ್ಧಕ ನೋಡಿಕೊಳ್ಳುತ್ತಾ ಬೆಳೆದು, ಆಮೇಲೆ ಧ್ವನಿ ವಿಜ್ಞಾನವನ್ನೇ ಓದಿದವನು. ಅವನು ತಂದ ಆಪಿನ ಹೆಸರು ತಿಳಿನೀರು. ಅದು ಕೇಳುವವರ ಕಡೆ ಕೆಲಸ ಮಾಡುತ್ತಿತ್ತು. ಇಂಥವರ ಕರೆಗೆ ಹಾಕು ಎಂದು ಹೇಳಿಟ್ಟರೆ ಸಾಕು, ಆ ಕಡೆಯವರು ಎಷ್ಟೇ ಸಿಟ್ಟಿನಿಂದ ಕೂಗಾಡಿದರೂ ನಿಮ್ಮ ಕಿವಿಗೆ ಅದೇ ದನಿ ತಣ್ಣಗೆ, ಹದವಾಗಿ ಬಂದು ಬೀಳುತ್ತಿತ್ತು. ಮಾತು ಒಂದೂ ಬದಲಾಗುತ್ತಿರಲಿಲ್ಲ. ಮುಳ್ಳು ಮಾತ್ರ ಇರುತ್ತಿರಲಿಲ್ಲ.

ಇದನ್ನು ಯಾಕೆ ಮಾಡಿದೆ ಎಂದು ನೀಲಾಂಬಿಕಾ ಕೇಳಿದಾಗ ಇಮ್ತಿಯಾಜ್ ಮುಚ್ಚಿಡಲಿಲ್ಲ. ಮಿರಜಿನಲ್ಲಿದ್ದ ಅವನ ಅಣ್ಣನಿಗೂ ಅವನಿಗೂ ಮನೆ ಪಾಲಾದಾಗಿನಿಂದ ಮಾತು ನೆಟ್ಟಗಿರಲಿಲ್ಲ. ಫೋನು ಮಾಡಿದಾಗೆಲ್ಲ ಸಲಾಮಿನಿಂದ ಶುರುವಾಗಿ ಬೈಗುಳದಲ್ಲಿ ಮುಗಿಯುತ್ತಿತ್ತು. ಅಣ್ಣ ಹೇಳುವುದರಲ್ಲಿ ನ್ಯಾಯ ಇದೆಯೋ ಇಲ್ಲವೋ ಎಂದು ಒಂದು ಸಲವಾದರೂ ಪೂರ್ತಿ ಕೇಳಬೇಕೆಂದು ಅವನು ಇದನ್ನು ತನಗಾಗಿಯೇ ಮಾಡಿಕೊಂಡಿದ್ದ.

“ಕೇಳಿದ ಮ್ಯಾಲೆ?” ಎಂದಳು ನೀಲಾಂಬಿಕಾ.

“ಅಣ್ಣನ ಮಾತಿನಾಗ ಅರ್ಧ ಖರೇನ ಇತ್ರಿ ಮೇಡಮ್. ಮೊದಲು ದನಿಗೆ ಸಿಟ್ಟು ಬರ್ತಿತ್ತು, ಮಾತು ಕಿವಿಗೆ ಹೋಗ್ತಿರಲಿಲ್ಲ.”

ಅವಳು ವಾರಗಟ್ಟಲೆ ಪರೀಕ್ಷಿಸಿದಳು. ಕಚೇರಿಯ ವ್ಯಾನಿನ ಡ್ರೈವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಮನಸಾರೆ ಬೈಯಲು ಹೇಳಿದರು. ಆತ ಚೆನ್ನಮ್ಮ ಸರ್ಕಲ್ಲಿನ ಅನುಭವವನ್ನೆಲ್ಲ ನೆನಪಿಸಿಕೊಂಡು ಬೈದ. ಈಚೆ ಕೋಣೆಯಲ್ಲಿ ಅದು ಹರಿಕಥೆಯಂತೆ ಕೇಳಿಸಿತು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕದ ಕರೆಗಳಲ್ಲಿ ಈ ಆಪ್ ತಾನಾಗಿಯೇ ಪಕ್ಕಕ್ಕೆ ಸರಿಯಬೇಕು ಎಂಬ ಷರತ್ತು ಹಾಕಿ ನೀಲಾಂಬಿಕಾ ಒಪ್ಪಿಗೆ ಕೊಟ್ಟಳು.

ತಿಳಿನೀರು ಹಬ್ಬಿದ ಬಗೆಯನ್ನು ಕರೆಪೇಟೆ ಅದುವರೆಗೆ ಕಂಡಿರಲಿಲ್ಲ. ಮೊದಲು ಹೊಸ ಸೊಸೆಯಂದಿರು ಹಾಕಿಸಿಕೊಂಡರು, ಹಿಂದೆಯೇ ಅತ್ತೆಯರು. ಕಂಪನಿಗಳ ದೂರು ವಿಭಾಗದಲ್ಲಿ ದಿನವಿಡೀ ಬೈಸಿಕೊಳ್ಳುವ ಹುಡುಗಿಯರು ಸಂಜೆ ತಲೆನೋವಿಲ್ಲದೆ ಮನೆಗೆ ಹೋದರು. ಎಪಿಎಂಸಿಯ ದಲಾಲರಿಗೆ ಮಾತ್ರ ಫಜೀತಿಯಾಯಿತು. ಎದುರಿನವನು ನಿಜವಾಗಿ ಬೇಡವೆನ್ನುತ್ತಿದ್ದಾನೋ, ಬಾಯಿಮಾತಿಗೆ ಬೇಡವೆನ್ನುತ್ತಿದ್ದಾನೋ ಫೋನಿನಲ್ಲಿ ತಿಳಿಯದೆ, ಅವರು ಮತ್ತೆ ಮುಖಾಮುಖಿ ಕೂತು ವ್ಯಾಪಾರ ಮಾಡತೊಡಗಿದರು. ಅಪ್ಪ ಬೈದದ್ದು ಬೈದಂತೆ ಕೇಳಿಸದ ಹಾಸ್ಟೆಲ್ ಹುಡುಗರು ಇನ್ನಷ್ಟು ಕೊಬ್ಬಿದರು. ಇಷ್ಟಾದರೂ ಜನ ಅದನ್ನು ಬಿಡಲಿಲ್ಲ. ತಣ್ಣನೆಯ ದನಿಗೆ ಕಿವಿ ಬೇಗ ಒಗ್ಗುತ್ತದೆ.

ನೀಲಾಂಬಿಕಾಳೂ ಹಾಕಿಕೊಂಡಿದ್ದಳು. ಅದು ಅತ್ತೆ ಗುರವ್ವನ ಕರೆಗಳಿಗೆ.

ಗುರವ್ವ ಧಾರವಾಡದ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಆಟದ ಟೀಚರ್ ಆಗಿದ್ದವರು. ನಿವೃತ್ತಿಯಾದ ಮೇಲೂ ಮೈದಾನ ಬಿಟ್ಟವರಲ್ಲ. ಮಗ ಸೊಸೆಯ ಜೊತೆ ಹುಬ್ಬಳ್ಳಿಯಲ್ಲಿ ಇರಿ ಎಂದರೆ, ನಿಮ್ಮ ಫ್ಲ್ಯಾಟಿನಾಗ ಉಸಿರು ಬಿಡಾಕ ಜಾಗ ಇಲ್ಲ ಎಂದು ಹೇಳಿ ಮೈದಾನದ ಎದುರಿಗೇ ಮಹಡಿಯ ಕೋಣೆ ಹಿಡಿದು, ಬೆಳಿಗ್ಗೆ ಸಂಜೆ ಹುಡುಗಿಯರಿಗೆ ಕಬಡ್ಡಿ ಕಲಿಸುತ್ತಿದ್ದರು. ಅವರ ದನಿಗೆ ಸೀಟಿ ಬೇಕಿರಲಿಲ್ಲ. ಮಗ ಚನ್ನವೀರ ರೈಲ್ವೆ ಗೂಡ್ಸ್ ಗಾಡಿಯ ಗಾರ್ಡ್, ಒಮ್ಮೆ ಹೊರಟರೆ ಗುಂತಕಲ್ಲೋ ವಾಸ್ಕೋವೋ. ಹಾಗಾಗಿ ಗುರವ್ವನ ಕರೆಗಳೆಲ್ಲ ಸೊಸೆಗೇ. ಗ್ಯಾಸ್ ಯಾಕೆ ಬುಕ್ ಮಾಡಿಲ್ಲ, ಮಗ ಯಾಕೆ ಸೊರಗಿದ್ದಾನೆ, ನೀನು ಯಾಕೆ ಫೋನು ಎತ್ತಲಿಲ್ಲ ಎಂಬುದೆಲ್ಲ ಅಂಗಳದ ಆಚೆ ತುದಿಯ ಆಟಗಾರ್ತಿಗೆ ಕೂಗಿದಂತೆಯೇ ಬರುತ್ತಿತ್ತು. ಪ್ರೀತಿಗೂ ಸಿಟ್ಟಿಗೂ ಅವರ ಬಳಿ ಇದ್ದದ್ದು ಒಂದೇ ದನಿ. ಸಭೆಯ ನಡುವೆ ಅಂಥ ಕರೆ ಬಂದಾಗ ನೀಲಾಂಬಿಕಾ ಕುಗ್ಗಿಹೋಗುತ್ತಿದ್ದಳು. ಒಂದು ಮಧ್ಯಾಹ್ನ ಸುಮ್ಮನೆ ತಿಳಿನೀರು ಹಾಕಿದಳು. ಅತ್ತೆ ಮಿದುವಾದರು. ಕೆಲವು ತಿಂಗಳು ಕಳೆದ ಮೇಲೆ ಹಾಕಿದ್ದೇ ಮರೆತುಹೋಯಿತು.

ಅಷ್ಟರಲ್ಲಿ ಕಂಪನಿಯ ಮೇಲಧಿಕಾರಿ ಪ್ರಹ್ಲಾದ ನಾಡಗೌಡರು ದೊಡ್ಡ ಯೋಜನೆ ಹೂಡಿದ್ದರು. ಕರೆಪೇಟೆ ಎಂಬ ಕನಸು ಮೊದಲು ಬಿದ್ದದ್ದೇ ಅವರಿಗೆ, ಅದನ್ನು ಉಳಿಸಲು ಹಗಲಿರುಳು ಓಡಾಡಿದವರೂ ಅವರೇ. ನೆರೆ ರಾಜ್ಯಗಳ ನಾಲ್ಕು ಸಣ್ಣ ಟೆಲಿಕಾಂ ಕಂಪನಿಗಳು ಕರೆಪೇಟೆಯನ್ನು ತಮ್ಮ ಜಾಲಕ್ಕೂ ಹಾಕಿಕೊಳ್ಳಲು ಮುಂದೆ ಬಂದಿದ್ದವು. ಅವುಗಳಿಗೆಲ್ಲ ಬೇಕಾದದ್ದು ತಿಳಿನೀರು. ಗಿರಾಕಿ ಕೇಳದಿದ್ದರೂ ಪ್ರತಿಯೊಂದು ಕರೆಗೂ ಅದು ಮೊದಲಿನಿಂದಲೇ ಇರಬೇಕು, ಬೇಡದವರು ತೆಗೆಸಿಕೊಳ್ಳಲಿ ಎಂದು ಮಾತಾಯಿತು.

ಆ ಬಗ್ಗೆ ಸಭೆ ನಡೆಯುತ್ತಿದ್ದಾಗಲೇ ನೀಲಾಂಬಿಕಾಳ ಫೋನು ಅದುರಿತು. ಅವಳು ಎದ್ದು ಕಿಟಕಿಯ ಬಳಿ ಹೋದಳು.

“ನೀಲಾ, ಒಂಚೂರು ಬಂದು ಹೋಗ್ತೀಯೇನವಾ? ಎದಿಯಾಗ ಒಂಥರಾ ಆಗಾಕತ್ತೇತಿ,” ಎಂದರು ಗುರವ್ವ. ಉಪ್ಪಿಟ್ಟಿಗೆ ಏನೇನು ಹಾಕಬೇಕೆಂದು ಹೇಳುವವರ ಹಾಗೆ, ಅಷ್ಟು ಸಮಾಧಾನವಾಗಿ.

ಬೆಳಿಗ್ಗೆ ಏನು ತಿಂದಿರಿ ಎಂದು ಅವಳು ಕೇಳಿದಳು. ಬಿಸಿಲಿನಲ್ಲಿ ಜಾಸ್ತಿ ನಿಂತಿರಬೇಕು, ಮಜ್ಜಿಗೆ ಕುಡಿದು ಮಲಗಿ, ಸಂಜೆಗೆ ಬರುತ್ತೇನೆ ಎಂದಳು. “ಆತು,” ಎಂದು ಆ ಕಡೆಯಿಂದ ಮೆಲ್ಲಗೆ ಕೇಳಿಸಿತು. ಅವಳು ಸಭೆಗೆ ಮರಳಿದಳು.

ಸಂಜೆಯ ಆಟಕ್ಕೆ ಕರೆಯಲು ಮಹಡಿ ಹತ್ತಿದ ಹುಡುಗಿಯರು ಗುರವ್ವ ಬಾಗಿಲ ಬಳಿ ಬಿದ್ದಿದ್ದನ್ನು ಕಂಡು, ಕಬಡ್ಡಿಯ ತೋಳುಗಳಲ್ಲಿ ಎತ್ತಿಕೊಂಡು ಕೆಳಗೆ ತಂದು, ಸಿಕ್ಕ ಆಟೋದಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ನೀಲಾಂಬಿಕಾ ತಲುಪಿದಾಗ ಒಳಗೆ ಶಸ್ತ್ರಕ್ರಿಯೆ ನಡೆಯುತ್ತಿತ್ತು. ಇನ್ನೂ ಸ್ವಲ್ಪ ತಡವಾಗಿದ್ದರೆ ನಮ್ಮ ಕೈಯಲ್ಲಿ ಏನೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು. ಇದನ್ನು ಅವರು ಎಲ್ಲರಿಗೂ ಹೇಳುವ ಹಾಗೆಯೇ ಹೇಳಿದ್ದರು. ಮಜ್ಜಿಗೆ ಕುಡಿದು ಮಲಗಿ ಎಂದಿದ್ದ ಅವಳಿಗೆ ಮಾತ್ರ ಅದು ಬೇರೆ ರೀತಿ ಕೇಳಿಸಿತು.

ಮರುದಿನ ಗುರವ್ವ ಕಣ್ಣು ಬಿಟ್ಟರು. ಗುಂತಕಲ್ಲಿನಿಂದ ಓಡಿಬಂದ ಚನ್ನವೀರ ಕಾಲಬಳಿ ಕೂತಿದ್ದ. ಗುರವ್ವ ಸೊಸೆಯನ್ನು ಹತ್ತಿರ ಕರೆದು ಕೇಳಿದರು. ಕೋಪವೇನೂ ಇರಲಿಲ್ಲ, ಅರ್ಥವಾಗದ್ದನ್ನು ಕೇಳುವ ಹಾಗೆ ಕೇಳಿದರು.

“ನಾ ಜೀವ ಹೋದಂಗ ಒದರಿದ್ನೆವಾ. ನಿನಗ ಹೆಂಗ ತಿಳೀಲಿಲ್ಲ?”

ಅತ್ತೆಯ ಕರೆಗೆ ತಿಳಿನೀರು ಹಾಕಿಟ್ಟದ್ದು ಆಗ ನೀಲಾಂಬಿಕಾಳಿಗೆ ನೆನಪಾಯಿತು.

ಆಸ್ಪತ್ರೆಯಿಂದ ಅವಳು ನೇರ ನಿಗಾ ಕೊಠಡಿಗೆ ಬಂದಳು. ಶಾಲ್ಮಲಾ ಯಾರ ಮಾತನ್ನೂ ದಾಖಲಿಸಿ ಇಟ್ಟುಕೊಳ್ಳುತ್ತಿರಲಿಲ್ಲ. ಆದರೆ ತಿಳಿನೀರು ಪ್ರತಿ ಕರೆಯಲ್ಲೂ ಎಷ್ಟು ಬಲ ಹಾಕಿ ದನಿಯನ್ನು ಇಳಿಸಿತು ಎಂಬುದರ ಒಂದು ಗೆರೆ ಮಾತ್ರ ಉಳಿಯುತ್ತಿತ್ತು, ಮಾತಿಲ್ಲದ ಬರಿಯ ಏರಿಳಿತ. ತನ್ನದೇ ಸಂಖ್ಯೆಯ ಆ ಕರೆಯನ್ನು ಅವಳು ಪರದೆಗೆ ತಂದಳು. ಮಾಮೂಲು ಜಗಳದ ಗೆರೆ ಗುಡ್ಡಸಾಲಿನ ಹಾಗೆ ಏರಿ ಇಳಿಯುತ್ತದೆ. ಇದು ಮೊದಲ ಮಾತಿನಿಂದ ಕೊನೆಯ ‘ಆತು’ವರೆಗೆ ಮೇಲಿನ ಅಂಚಿಗೆ ಅಂಟಿಕೊಂಡೇ ಇತ್ತು. ಒಂದು ಕಡೆಯೂ ಇಳಿದಿರಲಿಲ್ಲ.

ಅವಳು ಇಮ್ತಿಯಾಜನನ್ನು ಕರೆಸಿದಳು. ಅವನು ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. “ಸಿಟ್ಟಿಗೂ ಹೆದರಿಕಿಗೂ ಗಂಟಲ ಒಂದರೀ ಮೇಡಮ್,” ಎಂದ ಕೊನೆಗೆ. ಸಿಟ್ಟು ಬಂದರೂ ಗಂಟಲು ಬಿಗಿಯುತ್ತದೆ, ಉಸಿರು ಮೇಲೇರುತ್ತದೆ, ದನಿ ಅಂಚಿನಲ್ಲಿ ಒಡೆಯುತ್ತದೆ, ಹೆದರಿದರೂ ಅಷ್ಟೇ. ಅವನ ಆಪ್ ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಎಸೆದಿತ್ತು. ಆಂಬುಲೆನ್ಸಿನ ಕರೆಗೆ ವಿನಾಯಿತಿ ಕೊಟ್ಟಿದ್ದೆವಲ್ಲ ಎಂದು ಅವನು ಗೊಣಗಿದ. ಪರೀಕ್ಷೆ ಮಾಡುವಾಗ ಅವಳೂ ಅದನ್ನೇ ನಂಬಿದ್ದಳು. ಈಗ ಕಾಣುತ್ತಿತ್ತು: ಜೀವಕ್ಕೆ ಬಂದಾಗ ಮನುಷ್ಯ ಮೊದಲು ಸರ್ಕಾರದ ಸಂಖ್ಯೆಯನ್ನು ಒತ್ತುವುದಿಲ್ಲ, ತನ್ನವರನ್ನು ಕರೆಯುತ್ತಾನೆ. ತಿಳಿನೀರು ಹಾಕಿಕೊಂಡಿದ್ದವರೂ ತಮ್ಮವರ ಕರೆಗೇ.

ಅಂಥದೇ ಗೆರೆಗಳನ್ನು ಅವಳು ಹುಡುಕಿಸಿ, ಆ ಕರೆಗಳ ಎರಡೂ ಕಡೆಯವರಿಗೆ ಖುದ್ದಾಗಿ ಫೋನು ಮಾಡಿ ವಿಚಾರಿಸಿದಳು. ಹೆಚ್ಚಿನವು ಬರಿಯ ಜಗಳ. ನವಲಗುಂದದ ಒಬ್ಬ ಬಸುರಿ ಮಾತ್ರ ಹೇಳಿದಳು: ನೋವು ಶುರುವಾಗಿದೆ ಎಂದು ಗಂಡನಿಗೆ ಕೂಗಿ ಹೇಳಿದೆ, ಅವನು ಚಹಾ ಮುಗಿಸಿಕೊಂಡು ಬಂದ, ಪುಣ್ಯಕ್ಕೆ ಪಕ್ಕದ ಮನೆಯಾಕೆ ಇದ್ದಳು. ಹಾಸ್ಟೆಲ್ ಹುಡುಗಿಯೊಬ್ಬಳು, ಹಿಂಬಾಲಿಸಿ ಬರುತ್ತಿದ್ದವರಿಂದ ತಪ್ಪಿಸಿಕೊಳ್ಳುತ್ತಾ ಅಪ್ಪನಿಗೆ ಫೋನು ಮಾಡಿದವಳು, ತನ್ನ ಹೆದರಿಕೆ ಅಪ್ಪನಿಗೆ ತಟ್ಟಲೇ ಇಲ್ಲವೆಂದು ಆ ದಿನದಿಂದ ಅವನ ಜೊತೆ ಮಾತೇ ಬಿಟ್ಟಿದ್ದಳು. ಅಪ್ಪನಿಗೆ ಕಾರಣ ಗೊತ್ತಿರಲಿಲ್ಲ.

ನೀಲಾಂಬಿಕಾ ನಾಡಗೌಡರ ಕೋಣೆಗೆ ಹೋಗಿ, ತಿಳಿನೀರನ್ನು ಪೇಟೆಯಿಂದ ಹಿಂತೆಗೆಯುತ್ತಿದ್ದೇನೆ ಎಂದಳು. ಅವರು ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಅತ್ತೆಯ ಆರೋಗ್ಯ ವಿಚಾರಿಸಿದರು. ಆಮೇಲೆ ನಾಲ್ಕು ಕಂಪನಿಗಳ ಒಪ್ಪಂದ, ಇಲ್ಲಿ ಕೆಲಸ ಮಾಡುವವರ ಅನ್ನ, ಲಕ್ಷಾಂತರ ಮನೆಗಳ ಶಾಂತಿ ಎಲ್ಲವನ್ನೂ ಬಿಡಿಸಿ ಹೇಳಿದರು. ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

“ಒಂದು ಕರಿ, ನೀಲಾಂಬಿಕಾ. ಒಂದು ಕರಿ ಸಲುವಾಗಿ ಇಷ್ಟೆಲ್ಲಾ ಕೆಡಸ್ತೀರೇನು?”

“ಒಂದಲ್ರಿ ಸರ್, ನನಗ ಗೊತ್ತಾಗಿದ್ದ ಮೂರು. ನಾಳೆ ಇದು ಎಲ್ಲಾರ ಫೋನಿಗೂ ಹೋದ್ರ, ಯಾವ ಮನ್ಯಾಗ ಏನಾತು ಅಂತ ಯಾರಿಗೂ ಗೊತ್ತಾಗಂಗಿಲ್ಲ. ಒಪ್ಪಿಗಿ ಕೊಟ್ಟಾಕಿ ನಾನು. ತಗಿಯಾಕಿನೂ ನಾನ.”

ಅವರು ನಿಮ್ಮನ್ನು ಆ ಜಾಗದಿಂದ ಬದಲಾಯಿಸಬಹುದು ಎಂದರು. ಬದಲಾಯಿಸುವವರೆಗೆ ಅಲ್ಲಿ ನಾನೇ ಇರುತ್ತೇನಲ್ಲ ಎಂದು ಹೇಳಿ ಅವಳು ನಿಗಾ ಕೊಠಡಿಗೆ ಬಂದು ಆಜ್ಞೆ ಕೊಟ್ಟಳು. ಪರದೆಯ ಮೇಲೆ ಹಸಿರಾಗಿದ್ದ ಒಂದು ಚೌಕ ಬೂದು ಬಣ್ಣಕ್ಕೆ ತಿರುಗಿತು. ಅಷ್ಟೇ ಕಂಡದ್ದು.

ಕೇಳಿಸಿದ್ದು ಮಾತ್ರ ಬಹಳ. ಜನ ದೂರು ವಿಭಾಗಕ್ಕೆ ಕರೆ ಮಾಡಿ ಬೈದರು, ಆ ಬೈಗುಳ ಈಗ ಸೋಸದೇ ಬಂತು. ಚಳವಳಿ ಮಾಡುತ್ತೇವೆ ಎಂದವರೂ ಇದ್ದರು. ಆದರೆ ನೀಲಾಂಬಿಕಾಳನ್ನು ಅಲುಗಿಸಿದ್ದು ರಾಣೆಬೆನ್ನೂರಿನ ಒಬ್ಬ ಹೆಂಗಸು. ಬಸ್ಸು ಹಿಡಿದು ಕಚೇರಿಗೇ ಬಂದಳು. ಬೈಯಲಿಲ್ಲ. ತನಗೂ ಅಕ್ಕನಿಗೂ ಯೌವನದಲ್ಲೇ ಮಾತು ಕಡಿದಿತ್ತು, ಈ ಆಪ್ ಬಂದ ಮೇಲೆ ಅಕ್ಕ ದಿನಾ ಫೋನು ಮಾಡುತ್ತಾಳೆ, ಇದನ್ನು ಕಿತ್ತುಕೊಂಡಿರಿ, ಇನ್ನು ಹಳೆಯ ಜಗಳ ಕಾದೇ ಕೂತಿದೆ ಎಂದಳು. ಕೆಟ್ಟ ಆಪನ್ನು ತೆಗೆದುಹಾಕುವುದು ನೀಲಾಂಬಿಕಾಳಿಗೆ ಗೊತ್ತಿತ್ತು. ಇದು ಕೆಟ್ಟದ್ದಾಗಿರಲಿಲ್ಲ.

ಗುರವ್ವ ಆಸ್ಪತ್ರೆಯಿಂದ ಹುಬ್ಬಳ್ಳಿಯ ಮನೆಗೆ ಬಂದ ಮೇಲೆ ಅವಳು ಎಲ್ಲವನ್ನೂ ಹೇಳಿದಳು. ಹೇಳುವುದು ಬೇಡ, ಈಗಷ್ಟೇ ಎದ್ದಾಳ ಎಂದು ಚನ್ನವೀರ ತಡೆದಿದ್ದ. ಅವಳು ಕೇಳಲಿಲ್ಲ. ಗುರವ್ವ ದಿಂಬಿಗೊರಗಿ ಪೂರ್ತಿ ಕೇಳಿಸಿಕೊಂಡರು.

“ಅಂದ್ರ ನನ್ನ ದನಿ ಬ್ಯಾಡಾಗಿತ್ತು ನಿನಗ,” ಎಂದರು.

“ಹೌದ್ರಿ ಅತ್ತ್ಯಾರ. ಆವಾಗ ಬ್ಯಾಡಾಗಿತ್ತು.”

ಗುರವ್ವ ತಲೆಯಾಡಿಸಿದರು. ಕೂಗುತ್ತಾರೆ, ಅಳುತ್ತಾರೆ ಎಂದು ಅವಳು ಕಾದಳು. ಏನೂ ಇಲ್ಲ. ಆದರೆ ಅಂದಿನಿಂದ ಅವರು ಸೊಸೆಯೊಡನೆ ತಗ್ಗಿದ ದನಿಯಲ್ಲಿ ಮಾತಾಡತೊಡಗಿದರು. ಚಹಾ ಕೊಟ್ಟರೆ, ತ್ರಾಸು ತಗೋಬ್ಯಾಡವಾ ಎನ್ನುವರು. ಸಾರಿಗೆ ಉಪ್ಪು ಹೆಚ್ಚಾದರೂ ಚಲೋ ಆಗೇತಿ ಎನ್ನುವರು. ಯಾವ ಆಪೂ ಇಲ್ಲದೆ ಗುರವ್ವ ತಾವೇ ತಿಳಿನೀರಾಗಿದ್ದರು. ಬೇರೆ ಯಾವ ಶಿಕ್ಷೆಯೂ ನೀಲಾಂಬಿಕಾಳಿಗೆ ಇಷ್ಟು ನಾಟುತ್ತಿರಲಿಲ್ಲ.

ಮೈ ಸ್ವಲ್ಪ ಸುಧಾರಿಸಿದಾಗ ಗುರವ್ವ ಮೈದಾನ ನೋಡಬೇಕೆಂದರು. ಒಂದು ಭಾನುವಾರ ಅವಳು ಕಾರಿನಲ್ಲಿ ಧಾರವಾಡಕ್ಕೆ ಕರೆದುಕೊಂಡು ಹೋದಳು. ಹುಡುಗಿಯರು ಟೀಚರಿಗೆ ಬೇವಿನ ನೆರಳಿನಲ್ಲಿ ಖುರ್ಚಿ ಹಾಕಿ ಆಟ ಶುರುಮಾಡಿದರು. ನೀಲಾಂಬಿಕಾ ಕಬಡ್ಡಿಯನ್ನು ಅಷ್ಟು ಹತ್ತಿರದಿಂದ ನೋಡಿದ್ದು ಅಪರೂಪ. ಎದುರಾಳಿಯ ಅಂಗಳಕ್ಕೆ ನುಗ್ಗಿದ ಹುಡುಗಿ ಕಬಡ್ಡಿ ಕಬಡ್ಡಿ ಎಂದು ಬಿಡದೆ ಗುನುಗುತ್ತಿದ್ದಳು. ಅವಳ ಬೆನ್ನು ಈಚೆಗಿತ್ತು, ಮುಖ ಕಾಣುತ್ತಿರಲಿಲ್ಲ. ಆದರೂ ಆ ಗುನುಗು ಎಲ್ಲ ಹೇಳುತ್ತಿತ್ತು: ಎಷ್ಟು ಉಸಿರು ಉಳಿದಿದೆ, ಧೈರ್ಯವಾಗಿದ್ದಾಳೋ ಸಿಕ್ಕಿಬೀಳುವ ಅಂಜಿಕೆಯೋ ಎಂಬುದೆಲ್ಲ. ಮಾತಿಗೆ ಅರ್ಥವೇ ಇರಲಿಲ್ಲ. ಅದೇ ಒಂದು ಪದ. ಗೆರೆಯ ಈಚೆ ನಿಂತ ಗೆಳತಿಯರು ಆ ಸದ್ದಿನ ಏರಿಳಿತ ಕೇಳಿಯೇ ಮುಂದೆ ಸರಿಯುತ್ತಿದ್ದರು, ಹಿಂದೆ ಸರಿಯುತ್ತಿದ್ದರು.

ಅವಳು ಅಲ್ಲಿಂದಲೇ ಇಮ್ತಿಯಾಜನಿಗೆ ಫೋನು ಮಾಡಿದಳು. ಸಿಟ್ಟನ್ನೂ ಹೆದರಿಕೆಯನ್ನೂ ಬೇರ್ಪಡಿಸಲು ಅವನು ದಿನಗಟ್ಟಲೆ ಒದ್ದಾಡಿ ಸೋತಿದ್ದ. ಅವಳು ಹೇಳಿದಳು: ಬೇರ್ಪಡಿಸುವುದು ಬೇಡ, ಅದು ನಮ್ಮ ಯಂತ್ರದ ಕೆಲಸವೂ ಅಲ್ಲ. ತೆಗೆಯುವುದನ್ನು ತೆಗಿ. ಆದರೆ ಎಷ್ಟು ತೆಗೆದೆ ಎಂಬುದು ಕೇಳುವವರಿಗೆ ಗೊತ್ತಾಗಲಿ. ನಮ್ಮ ಪರದೆಯ ಮೇಲಿರುವ ಗೆರೆಯನ್ನು ಅವರ ಕಿವಿಗೆ ಕೊಡು.

ಇಮ್ತಿಯಾಜ್, “ಗೆರಿನ ಸಪ್ಪಳ ಮಾಡೂದು,” ಎಂದ. “ಆಗ್ತೇತ್ರಿ ಮೇಡಮ್. ಇದು ಆಗ್ತೇತಿ.”

ಹೀಗೆ ದುಂಬಿ ಹುಟ್ಟಿತು. ತಣ್ಣನೆಯ ದನಿಯ ಕೆಳಗೆ ಬಲು ಮೆಲ್ಲಗೆ ಒಂದು ಗುಂಯ್‌ಗುಡುವ ಸದ್ದು, ಹೂವಿನ ಸುತ್ತ ದುಂಬಿ ಸುಳಿದಂತೆ. ಆಪ್ ಕಡಿಮೆ ಕೆಲಸ ಮಾಡಿದರೆ ಅದು ಕೇಳಿಸಿಯೂ ಕೇಳಿಸದಷ್ಟು. ಹೆಚ್ಚು ಬಲ ಹಾಕಿದಷ್ಟೂ ಅದು ಏರುತ್ತಿತ್ತು. ಬೇಕೆನಿಸಿದರೆ ಫೋನಿನ ನಕ್ಷತ್ರದ ಗುಂಡಿ ಒತ್ತಬಹುದು. ಸೋಸುವುದು ನಿಂತು ಆ ಕಡೆಯ ದನಿ ಇದ್ದಂತೆಯೇ ಬರುತ್ತಿತ್ತು. ಒತ್ತಬೇಕೋ ಬೇಡವೋ ಎಂಬುದು ಕೇಳುವವರಿಗೆ ಬಿಟ್ಟದ್ದು, ಯಾಕೆಂದರೆ ಆ ಕಡೆ ಇರುವವರು ಯಾರು, ಅವರು ಎಂಥವರು ಎಂದು ತಿಳಿದವರು ಅವರೇ.

ನಾಡಗೌಡರಿಗೆ ಇದು ಹಿಡಿಸಲಿಲ್ಲ. ತಿಳಿನೀರಿನಲ್ಲಿ ಹುಳ ಬಿಟ್ಟ ಹಾಗಾಯಿತು, ಯಾವ ಗಿರಾಕಿ ಒಪ್ಪುತ್ತಾನೆ ಎಂದರು. ನೀಲಾಂಬಿಕಾ ವಾದಕ್ಕಿಳಿಯಲಿಲ್ಲ. ಕರೆಪೇಟೆ ತೆರೆದ ಪೇಟೆ ತಾನೆ? ಅಲ್ಲಿ ಆಪ್ ಬರೆಯುವವರೆಲ್ಲ ಓದುವ ಸಾರ್ವಜನಿಕ ಕಟ್ಟೆಯಲ್ಲಿ ನಡೆದದ್ದನ್ನೆಲ್ಲ, ತನ್ನ ಅತ್ತೆಯ ಕರೆಯನ್ನೂ ಸೇರಿಸಿ, ಬರೆದು ಹಾಕಿದಳು. ಒಂದು ನಿಯಮವನ್ನೂ ಮುಂದಿಟ್ಟಳು. ಕರೆಯೊಳಗೆ ಕೂತು ದನಿಯಿಂದ ಏನನ್ನೇ ತೆಗೆಯುವ ಆಪ್ ಆದರೂ, ತೆಗೆದದ್ದು ಕೇಳುವವರಿಗೆ ಗೊತ್ತಾಗುವಂತೆ ಮಾಡಬೇಕು. ಮೂಲ ದನಿಗೆ ಮರಳುವ ದಾರಿ ಇಡಬೇಕು. ಒಪ್ಪುವವರು ಒಪ್ಪಿ, ಇಲ್ಲದವರು ತಿದ್ದಿ ಎಂದಳು.

ಮೊದಲ ದಿನ ಬೈದವರೇ ಹೆಚ್ಚು. ಆಮೇಲೆ ನೆರವಿನ ಕೈಗಳು ಸೇರತೊಡಗಿದವು. ಹಾವೇರಿಯ ಗಂಡಹೆಂಡಿರು ಕಿವಿ ಕೇಳದವರಿಗೆಂದು ದುಂಬಿಯನ್ನು ಅಂಗೈಯಲ್ಲಿ ಅದುರುವಂತೆ ಮಾಡಿ ಕಳಿಸಿದರು. ವಿಜಯಪುರದ ಹುಡುಗಿ ತನ್ನ ಅನುವಾದದ ಆಪಿಗೂ ಅದೇ ನಿಯಮ ಹಾಕಿಕೊಂಡಳು: ಯಂತ್ರಕ್ಕೆ ಅರ್ಥ ಖಚಿತವಾಗದ ಕಡೆ ದುಂಬಿ ಸುಳಿಯುತ್ತದೆ. ನೀಲಾಂಬಿಕಾ ಮುಖ ನೋಡದವರು, ಹೆಸರು ಕೇಳದವರು ಅವಳ ನಿಯಮದ ಸಂದುಗೊಂದುಗಳನ್ನು ತುಂಬಿದರು. ಅದನ್ನು ನೋಡುತ್ತಾ ಅವಳಿಗೆ, ಹೊಸ್ತಿಲಲ್ಲಿ ಒಬ್ಬಳೇ ಕೂತು ಎಲ್ಲ ಕಾಯುತ್ತೇನೆ ಎಂದುಕೊಂಡದ್ದು ದೊಡ್ಡ ಭ್ರಮೆ ಎನಿಸಿತು. ಎನಿಸಿದಾಗ ಬೇಸರವಾಗಲಿಲ್ಲ, ಹಗುರವಾಯಿತು.

ಇತ್ತ ಒಪ್ಪಂದಕ್ಕೆ ಕಾದಿದ್ದ ನಾಲ್ಕು ಕಂಪನಿಗಳಲ್ಲಿ ಒಂದು ಹಿಂದೆ ಸರಿಯಿತು. ಉಳಿದ ಮೂರು, ನಿಯಮದ ಸಮೇತ ಕೊಡುವುದಾದರೆ ಮಾತ್ರ ಕೊಡಿ ಎಂದವು. ಅಲ್ಲಿಯ ಇಂಜಿನಿಯರುಗಳು ಕಟ್ಟೆಯಲ್ಲಿ ಎಲ್ಲವನ್ನೂ ಓದಿದ್ದರು. ನಾಡಗೌಡರು ಅವಳ ಮೇಜಿನ ಬಳಿ ಬಂದು ನಿಂತು, ನನಗೆ ಪೇಟೆ ತೆರೆಯುವುದು ಗೊತ್ತಿತ್ತು, ಅದರ ನಡುವೆ ದೀಪ ಹಚ್ಚುವುದು ಗೊತ್ತಿರಲಿಲ್ಲ ಎಂದರು. ಅವರಿಗೆ ಕ್ಷಮೆ ಕೇಳುವ ಅಭ್ಯಾಸವಿರಲಿಲ್ಲ. ಅವಳು ಅಷ್ಟಕ್ಕೇ ನಕ್ಕಳು.

ತಿಳಿನೀರು ಮತ್ತೆ ಪೇಟೆಗೆ ಬಂತು. ಯಾರ ಫೋನಿಗೂ ತಾನಾಗಿ ಬರಲಿಲ್ಲ, ಕೇಳಿದವರಿಗೆ ಮಾತ್ರ. ಜನ ದುಂಬಿಗೆ ಬೇಗ ಒಗ್ಗಿಕೊಂಡರು. ಮನೆಗಳಲ್ಲಿ ಅದರ ಮಾತೇ ಹುಟ್ಟಿತು. ಮೆತ್ತಗೆ ಮಾತಾಡುತ್ತಾ ಒಳಗೊಳಗೇ ಕುದಿಯುವವರನ್ನು ಕಂಡರೆ, ಅವನಿಗೆ ದುಂಬಿ ಎದ್ದೇತಿ ನೋಡು ಎನ್ನುವರು. ರಾಣೆಬೆನ್ನೂರಿನ ಹೆಂಗಸು ಒಮ್ಮೆ ಫೋನು ಮಾಡಿ, ಅಕ್ಕನ ಕರೆಯಲ್ಲಿ ದುಂಬಿ ಜೋರಾಗಿತ್ತು, ಹೆದರುತ್ತಲೇ ನಕ್ಷತ್ರ ಒತ್ತಿದೆ, ಅಕ್ಕ ಅಳುತ್ತಿದ್ದಳು, ಇಷ್ಟು ದಿನ ನಾನು ಸಿಟ್ಟು ಅಂದುಕೊಂಡದ್ದು ಅದೇ ಇರಬೇಕು ಎಂದಳು. ಇಮ್ತಿಯಾಜನ ಅಣ್ಣ ಮಿರಜಿನಿಂದ ಈದಿಗೆ ಬಂದು ಹೋದ. ಎದುರು ಕೂತಾಗ ಇಬ್ಬರೂ ಮತ್ತೆ ಕೂಗಾಡಿದರಂತೆ, ಆದರೆ ಬಿರಿಯಾನಿ ತಣ್ಣಗಾಗಲು ಬಿಡಲಿಲ್ಲವಂತೆ.

ಗುರವ್ವ ಮಾತ್ರ ಸೋಸಿದ ದನಿಯಲ್ಲೇ ಉಳಿದರು. ಡಾಕ್ಟರು ಒಪ್ಪಿದ ಮೇಲೆ ಧಾರವಾಡದ ಕೋಣೆಗೆ ಮರಳಿದರು. ಕರೆ ಮಾಡಿದಾಗ ನಾಲ್ಕು ಮಾತು, ಎಲ್ಲ ನಯ. ನೀಲಾಂಬಿಕಾ ಅವರ ಕರೆಗೆ ಹೊಸ ತಿಳಿನೀರನ್ನು ತಾನೇ ಹಾಕಿಕೊಂಡಿದ್ದಳು, ಅವರನ್ನು ಕೇಳಿ, ಅವರು ಹೂಂ ಎಂದ ಮೇಲೆ. ತೆಗೆಯಲು ಅಲ್ಲಿ ಏನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೆ ಅತ್ತೆ ತೋರಿಸಿಕೊಳ್ಳುವ ಜಾತಿಯಲ್ಲ; ಒಳಗೆ ನೋವಾದರೆ ದುಂಬಿಯಾದರೂ ಹೇಳಲಿ ಎಂದು ಅವಳ ಆಸೆ. ಪ್ರತಿ ಕರೆಯಲ್ಲೂ ಅವಳು ಮಾತಿಗಿಂತ ಹೆಚ್ಚಾಗಿ ಆ ಸದ್ದಿಗೆ ಕಿವಿಗೊಡುತ್ತಿದ್ದಳು. ದುಂಬಿ ಮಿಸುಕಲಿಲ್ಲ.

ಹೀಗಿರುವಾಗ ಒಂದು ದಿನ, ನಿಗಾ ಕೊಠಡಿಯಲ್ಲಿ ಹೊರರಾಜ್ಯದ ಇಂಜಿನಿಯರುಗಳಿಗೆ ಅವಳು ಕೆಲಸ ವಿವರಿಸುತ್ತಿದ್ದಾಗ, ಗುರವ್ವನ ಕರೆ ಬಂತು. ಎತ್ತಿದಳು. “ನೀಲಾ,” ಎಂದಿತು ತಣ್ಣನೆಯ ದನಿ. ಅದರ ಕೆಳಗೆ ದುಂಬಿ ಕಿವಿ ತುಂಬ ಮೊರೆಯುತ್ತಿತ್ತು.

ಅವಳು ಎದುರಿಗಿದ್ದವರನ್ನು ಮರೆತು, ಮೇಜಿನ ಮೇಲಿದ್ದ ಕಾರಿನ ಕೀಲಿಗೆ ಕೈ ಹಾಕುತ್ತಲೇ ಇನ್ನೊಂದು ಕೈಯಿಂದ ನಕ್ಷತ್ರ ಒತ್ತಿದಳು.

“—ನನ್ನ ಹುಡುಗ್ಯಾರಿಗೆ ನನ್ನ ಮ್ಯಾಲೆ ಕಾವಲು ಹಚ್ಚೀಯೇನು ನೀನು? ಟೀಚರ್ ಕುಂದರ್ರಿ, ಟೀಚರ್ ಒದರಬ್ಯಾಡ್ರಿ, ಟೀಚರ್ ಗುಳಿಗಿ ತಗೊಂಡ್ರೇನು. ಯಾರ್ ಹೇಳಿದ್ರು ಅಂದ್ರ ನಿಮ್ಮ ಸೊಸಿ ಹೇಳ್ಯಾರ ಅಂತಾವು. ನನಗ ಆಟ ಕಲಿಸಾಕ ಬರ್ತಿಯೇನು ನೀನು? ನಾ ಅಂಗಳಕ್ಕ ಇಳದಾಗ ನೀ ಇನ್ನೂ ಹುಟ್ಟಿರಲಿಲ್ಲ!”

ಮೈದಾನದ ಆಚೆ ತುದಿಗೂ ಮುಟ್ಟುವ ದನಿ. ಫೋನಿನಿಂದ ಹೊರಚೆಲ್ಲಿ ಕೊಠಡಿಯಲ್ಲಿದ್ದವರಿಗೆಲ್ಲ ಕೇಳಿಸಿತು. ಹೊರರಾಜ್ಯದ ಇಂಜಿನಿಯರುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನೀಲಾಂಬಿಕಾ ಕೀಲಿಯನ್ನು ಮೇಜಿಗೆ ಮರಳಿಸಿ, ಖುರ್ಚಿ ಎಳೆದುಕೊಂಡು ಕೂತಳು. ಬೈಗುಳ ಗ್ಯಾಸಿನತ್ತ ತಿರುಗಿತು, ಅಲ್ಲಿಂದ ಚನ್ನವೀರನ ಸೊರಗಿದ ಮುಖಕ್ಕೆ ಹೋಯಿತು, ಎಷ್ಟೋ ತಿಂಗಳಿನಿಂದ ಆಡದೆ ಉಳಿಸಿಟ್ಟದ್ದೆಲ್ಲ ಒಂದರ ಹಿಂದೆ ಒಂದು ಬಂತು.

ನಡುವೆ ಗುರವ್ವ ತಡೆದರು. “ಸುಮ್ಮನ ಯಾಕಿದ್ದಿ? ಕೇಳಾಕತ್ತಿಯೋ ಇಲ್ಲೋ?”

“ಕೇಳಾಕತ್ತೀನ್ರಿ ಅತ್ತ್ಯಾರ,” ಎಂದಳು ನೀಲಾಂಬಿಕಾ, ಕಣ್ಣೊರೆಸಿಕೊಳ್ಳುತ್ತಾ. “ನೀವು ಹೇಳ್ರಿ.”